ಸಾಲವೂ ಮಳೆಯೂ: ಇಪ್ಪತ್ತರ ಕೂಟದ ಬೆಂಗಳೂರು ಪತ್ರದ ಪರಿಶೀಲನೆ

೧

೨೦೨೩ನೆಯ ಇಸವಿ ಫೆಬ್ರವರಿ ತಿಂಗಳಿನಲ್ಲಿ ಬೆಂಗಳೂರು ನಗರದೊಳಗೆ ಮೂರು ಸಭೆಗಳು ಒಂದರ ಹಿಂದೊಂದಾಗಿ ನೆರೆದವು. ತಿಂಗಳ ಮೊದಲ ವಾರದಲ್ಲಿ ಇಂಧನದ ಪರಿವರ್ತನೆಯನ್ನು ಕುರಿತ ಕಾರ್ಯಸಮಿತಿ. ೯ರಿಂದ ೧೧ನೆಯ ತಾರೀಖಿನ ವರೆಗೆ ಪರಿಸರವನ್ನೂ ಹವಾಗುಣವನ್ನೂ ಕುರಿತ ಕಾರ್ಯಸಮಿತಿ. ೨೪, ೨೫ನೆಯ ತಾರೀಖುಗಳಲ್ಲಿ ಹಣಕಾಸಿನ ಸಚಿವರೂ ಕೇಂದ್ರ ಬ್ಯಾಂಕುಗಳ ಮುಖ್ಯಸ್ಥರೂ ಕೂಡಿದ ಸಭೆ. ಈ ಮೂರೂ ಜಿ–೨೦ ಎಂದು ಪ್ರಸಿದ್ಧವಾದ ಇಪ್ಪತ್ತರ ಕೂಟದ ಅಂಗಗಳು. ಆ ವರ್ಷ ಕೂಟದ ಅಧ್ಯಕ್ಷಪೀಠವು ಭಾರತದ ಪಾಲಿಗೆ ಬಂದಿದ್ದಿತು. ಕಡೆಯ ಸಭೆಯು ಮುಗಿದಾಗ ‘ಅಧ್ಯಕ್ಷರ ಸಾರಾಂಶ ಮತ್ತು ಫಲಿತಪತ್ರ’ ಎಂಬರ್ಥದ ಹೆಸರುಳ್ಳ, ಹದಿನೇಳು ಕಂಡಿಕೆಗಳ ಒಂದು ಬರಹವು ಹೊರಬಿದ್ದಿತು. ಪ್ರಕೃತ ವಿಮರ್ಶೆಗೆ ವಿಷಯವಾದುದು ಆ ಬರಹವೇ ಹೊರತು ಸಭೆಯ ವೈಭವವಲ್ಲ.

ರಾಜ್ಯಪತ್ರಗಳನ್ನು ಗ್ರಂಥಗಳಂತೆ ವಿಮರ್ಶಿಸುವುದು ವಿದ್ವಾಂಸರಿಗೆ ಹೊಸದಲ್ಲ. ಶಾಸನವನ್ನು ಓದುವವನು ದಾನ ಕೊಟ್ಟವನಾರು, ಕೊಂಡವನಾರು, ಕೊಟ್ಟ ಭೂಮಿಯ ಎಲ್ಲೆ ಯಾವುದು, ತಪ್ಪಿದವನಿಗೆ ಏನು ಫಲ ಎಂಬ ನಾಲ್ಕು ಸಂಗತಿಗಳನ್ನು ಮೊದಲು ಹುಡುಕುತ್ತಾನೆ. ಇವು ನಾಲ್ಕೂ ಸ್ಪಷ್ಟವಾಗಿರುವ ಶಾಸನವು ಭಾಷೆಯಲ್ಲಿ ಒರಟಾಗಿದ್ದರೂ ಶಾಸನವೇ; ಇವಿಲ್ಲದುದು ಎಷ್ಟು ಲಲಿತವಾಗಿದ್ದರೂ ಪ್ರಶಸ್ತಿ ಮಾತ್ರ. ಬೆಂಗಳೂರು ಪತ್ರವನ್ನೂ ಇದೇ ಕ್ರಮದಿಂದ ಪರೀಕ್ಷಿಸುವುದು ನ್ಯಾಯವಾಗಿದೆ.

ಆ ಪರೀಕ್ಷೆಗೆ ಒರೆಗಲ್ಲಾಗಿ ದೂರದ ರಾಜಧಾನಿಯೊಂದನ್ನು ಅರಸಬೇಕಾಗಿಲ್ಲ. ಅದೇ ನಗರದ ದಕ್ಷಿಣದಲ್ಲಿ, ಬನಶಂಕರಿಯ ಬಡಾವಣೆಗಳ ಮಗ್ಗುಲಿನಲ್ಲಿ, ಹೊಸಕೆರೆಹಳ್ಳಿಗೆ ಸಮೀಪವಾಗಿ ಇಟ್ಟಮಡು ಎಂಬ ಸ್ಥಳವಿದೆ. ಮೊದಲು ಉತ್ತರಹಳ್ಳಿ ಹೋಬಳಿಯ ಗ್ರಾಮವಾಗಿದ್ದ ಇದು ಈಗ ಮಹಾನಗರದ ಮನೆಗಳ ಸಾಲಿನೊಳಗೆ ಸೇರಿಹೋಗಿದೆ. ಹೆಸರಿನ ಕೊನೆಯಲ್ಲಿರುವ ‘ಮಡು’ ಎಂಬುದು ಅಚ್ಚಗನ್ನಡದ ಮಾತು. ಹಳ್ಳದಲ್ಲಿಯೋ ಹೊಳೆಯಲ್ಲಿಯೋ ನೀರು ಆಳವಾಗಿ ನಿಂತ ತಾಣಕ್ಕೆ ಆ ಹೆಸರು. ಹರಿವು ನಿಂತ ಮೇಲೂ ಮಡುವಿನಲ್ಲಿ ಕೆಲವು ಕಾಲ ನೀರಿರುತ್ತದೆ. ಊರಿನವರೂ ದನಕರುಗಳೂ ಬೇಸಗೆಯನ್ನು ದಾಟುವುದು ಅದರಿಂದ. ಇಂದು ಇಂಥ ಬಡಾವಣೆಗಳ ನೀರು ಸುಮಾರು ನೂರು ಕಿಲೋಮೀಟರುಗಳ ದೂರದಿಂದ, ಮೂರು ಹಂತಗಳಲ್ಲಿ ಮೇಲೆತ್ತಲ್ಪಟ್ಟು, ಕಾವೇರಿಯಿಂದ ಬರುವುದು. ಸಾಲದುದು ಕೊಳವೆಬಾವಿಯಿಂದ ಬರುವುದು. ನೀರನ್ನು ತರುವ ಕೊಳವೆಗೆ ಸಾಲದ ಹಣ, ಕೊಳವೆಯೊಳಗಣ ನೀರಿಗೆ ಮಳೆ. ಆದುದರಿಂದ ಸಾಲ, ಮಳೆ ಎಂಬ ಎರಡು ವಿಷಯಗಳು ಸಚಿವರ ಪತ್ರದಲ್ಲಿ ಎಷ್ಟೇ ದೂರವಾಗಿದ್ದರೂ ಇಟ್ಟಮಡುವಿನ ನಲ್ಲಿಯಲ್ಲಿ ಒಂದೇ ಆಗಿರುತ್ತವೆ. ಪತ್ರದ ಗುಣದೋಷಗಳನ್ನು ಅಳೆಯಲು ಈ ಒಂದು ಸಂಗತಿ ಸಾಕು.

೨

ಮೊದಲು ಪತ್ರದ ಗುಣಗಳನ್ನು ಹೇಳುವುದು ಉಚಿತ. ಯುಕ್ರೇನಿನ ಯುದ್ಧವು ಆರಂಭವಾಗಿ ಆಗತಾನೆ ಒಂದು ವರ್ಷ ತುಂಬಿದ್ದಿತು. ಆ ಯುದ್ಧವನ್ನು ಕುರಿತ ಮೂರನೆಯ, ನಾಲ್ಕನೆಯ ಕಂಡಿಕೆಗಳು ೨೦೨೨ನೆಯ ನವೆಂಬರಿನಲ್ಲಿ ಬಾಲಿ ದ್ವೀಪದಲ್ಲಿ ನಾಯಕರು ಒಪ್ಪಿದ ಘೋಷಣೆಯಿಂದ ತೆಗೆದುಕೊಂಡವು. ಬಾಲಿಯಲ್ಲಿ ಒಪ್ಪಿದ್ದ ರಷ್ಯವೂ ಚೀನವೂ ಬೆಂಗಳೂರಿನಲ್ಲಿ ಅವನ್ನು ಒಪ್ಪಲಿಲ್ಲ. ಎಲ್ಲರೂ ಕೂಡಿ ಹೊರಡಿಸುವ ‘ಸಂಯುಕ್ತ ಪ್ರಕಟನೆ’ಯು ಈ ಕಾರಣದಿಂದ ಅಸಾಧ್ಯವಾಯಿತು. ಆಗ ಅಧ್ಯಕ್ಷರು ಮಾಡಿದ ಉಪಾಯವು ಮೆಚ್ಚತಕ್ಕದ್ದು: ಭಿನ್ನಾಭಿಪ್ರಾಯವನ್ನು ಮರೆಮಾಡದೆ, ಎರಡು ಕಂಡಿಕೆಗಳಿಗೆ ಎರಡು ರಾಷ್ಟ್ರಗಳ ಸಮ್ಮತಿಯಿಲ್ಲವೆಂದು ಅಡಿಟಿಪ್ಪಣಿಯಲ್ಲಿ ಬರೆದು, ಉಳಿದ ವಿಷಯಗಳನ್ನು ಕಾಪಾಡಿಕೊಂಡರು. ಎಲ್ಲರೂ ಒಪ್ಪಿದಂತೆ ನಟಿಸುವ ಪತ್ರಕ್ಕಿಂತ ಯಾರು ಒಪ್ಪಲಿಲ್ಲವೆಂಬುದನ್ನು ಹೇಳುವ ಪತ್ರವು ಪ್ರಾಮಾಣಿಕತರವಾದುದು.

ಎರಡನೆಯದಾಗಿ, ಸಾಲದ ವಿಷಯದಲ್ಲಿ ಈ ಪತ್ರವು ಹೆಸರು ಹಿಡಿದು ಮಾತನಾಡುತ್ತದೆ. ಜಾಂಬಿಯ, ಇಥಿಯೋಪಿಯ, ಘಾನ, ಶ್ರೀಲಂಕಾ ಎಂಬ ಹೆಸರುಗಳು ಅದರಲ್ಲಿ ಬರುತ್ತವೆ. ಅಂತರರಾಷ್ಟ್ರೀಯ ಹಣದ ನಿಧಿಯೂ ವಿಶ್ವಬ್ಯಾಂಕೂ ಭಾರತದೊಡನೆ ಸೇರಿ ನಡಸಿದ ಸಾಲದ ದುಂಡುಮೇಜಿನ ಮಾತುಕತೆಯು ಅದೇ ೨೫ನೆಯ ತಾರೀಖು ಬೆಂಗಳೂರಿನಲ್ಲಿಯೇ ನಡೆಯಿತು. ಸಾಲ ಕೊಟ್ಟವರೂ ಕೊಂಡವರೂ ಖಾಸಗಿ ಸಾಹುಕಾರರೂ ಒಂದೇ ಮೇಜಿನ ಸುತ್ತ ಕುಳಿತು ಮಾತನಾಡುವುದು ಮೊದಲು ಸುಲಭವಾಗಿರಲಿಲ್ಲ.

ಮೂರನೆಯದಾಗಿ, ‘ನಾಳಿನ ನಗರ’ಗಳಿಗೆ ಹಣ ಒದಗಿಸುವ ವಿಚಾರವು ಪತ್ರದೊಳಗೆ ಸ್ಥಾನವನ್ನು ಪಡೆದಿದೆ. ಪ್ರವಾಹ, ಬರ, ಜನಸಂಖ್ಯೆಯ ಏರಿಕೆ ಇವುಗಳ ಭಾರವನ್ನು ಮೊದಲು ಹೊರುವುದು ನಗರವೆಂಬುದನ್ನು ಹಣಕಾಸಿನ ಸಚಿವರು ಒಪ್ಪಿಕೊಂಡುದು ಸಣ್ಣ ಮಾತಲ್ಲ. ಸಭೆ ಸೇರುವುದಕ್ಕೆ ಆರು ತಿಂಗಳ ಹಿಂದೆಯಷ್ಟೆ, ೨೦೨೨ನೆಯ ಸೆಪ್ಟೆಂಬರಿನ ಮೊದಲ ವಾರದಲ್ಲಿ, ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ಮಳೆಯ ನೀರು ಮನೆಗಳನ್ನು ಹೊಕ್ಕು, ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಸಾಗಿಸಬೇಕಾಗಿ ಬಂದಿದ್ದಿತು.

೩

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ವಿಚಾರಿಸಬಹುದು. ಮೊದಲನೆಯ ದೋಷವು ವ್ಯಾಕರಣಕ್ಕೆ ಸಂಬಂಧಿಸಿದುದು. ಆದರೆ ಅದರ ಫಲವು ವ್ಯಾಕರಣಕ್ಕಿಂತ ದೊಡ್ಡದು.

ಪತ್ರದ ಕ್ರಿಯಾಪದಗಳನ್ನು ಆರಿಸಿ ನೋಡಿದರೆ ಅವು ಹೆಚ್ಚಾಗಿ ಸ್ವಾಗತಿಸುವ, ಎದುರುನೋಡುವ, ಉತ್ತೇಜಿಸುವ, ಮತ್ತೆ ದೃಢಪಡಿಸುವ ಜಾತಿಯವು. ಕೊಡುವ, ಬಿಡುವ, ತಡೆಯುವ, ತೀರಿಸುವ ಕ್ರಿಯೆಗಳು ವಿರಳ. ಶ್ರೀಲಂಕಾದ ಸಾಲದ ಇತ್ಯರ್ಥವು ಬೇಗನೆ ಆಗುವುದನ್ನು ಸಚಿವರು ‘ಎದುರುನೋಡು’ತ್ತಾರೆ. ಆದರೆ ಆ ಸಾಲವನ್ನು ಕೊಟ್ಟ ರಾಷ್ಟ್ರಗಳ ಪೈಕಿ ಹಲವರ ಸಚಿವರು ಆ ಸಭೆಯಲ್ಲಿಯೇ ಕುಳಿತವರು. ತಾನೇ ಮಾಡಬೇಕಾದ ಕೆಲಸವನ್ನು ತಾನೇ ಎದುರುನೋಡುವುದು ಹೇಗೆ? ಮನೆಯ ಯಜಮಾನನು ಅಡುಗೆಯಾಗುವುದನ್ನು ಎದುರುನೋಡಬಹುದು; ಅಡುಗೆಯವನು ಎದುರುನೋಡಿದರೆ ಅಂದು ಊಟವಿಲ್ಲ.

ಕನ್ನಡದ ವೈಯಾಕರಣರು ಕ್ರಿಯಾರೂಪಗಳಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ವಿಭಾಗ ಮಾಡುತ್ತಾರೆ. ‘ಕೊಡಲಿ’ ಎಂಬುದು ವಿಧಿ; ‘ಕೊಡನು’ ಎಂಬುದು ನಿಷೇಧ; ‘ಕೊಟ್ಟಾನು’ ಎಂಬುದು ಸಂಭಾವನೆ. ಈ ಮೂರನ್ನೂ ಬೆರಸಿ ಮಾತನಾಡುವುದಕ್ಕೆ ಕನ್ನಡವು ಸುಲಭವಾಗಿ ಎಡೆಗೊಡುವುದಿಲ್ಲ. ಇಂಗ್ಲಿಷಿನಲ್ಲಿ ರಚಿತವಾದ ಬೆಂಗಳೂರು ಪತ್ರವನ್ನು ಕನ್ನಡದಲ್ಲಿ ಹೇಳಲು ಯತ್ನಿಸಿದವನಿಗೆ ಅದರ ಬಹುಭಾಗವು ಸಂಭಾವನಾರ್ಥಕದಲ್ಲಿಯೇ ಬರೆಯಿಸಿಕೊಳ್ಳುವುದು ಗೋಚರವಾಗುತ್ತದೆ. ಸಾಲವು ಇತ್ಯರ್ಥವಾದೀತು, ಬ್ಯಾಂಕುಗಳು ಸುಧಾರಿಸಿಯಾವು, ಹಣವು ಒದಗೀತು. ಮೂಲದಲ್ಲಿ ಗಂಭೀರವಾಗಿ ಕೇಳಿಸುವ ವಾಕ್ಯವು ತನ್ನ ಕರ್ತೃವನ್ನೂ ಕಾಲವನ್ನೂ ಹೇಳಬೇಕಾಗಿ ಬಂದಾಗ ಮೆತ್ತಗಾಗಿಬಿಡುತ್ತದೆ.

ಇದು ಬೆಂಗಳೂರಿನಲ್ಲಿ ಹುಟ್ಟಿದ ದೋಷವಲ್ಲ. ೨೦೦೯ನೆಯ ಇಸವಿಯಲ್ಲಿ ಕೋಪನ್‌ಹೇಗನ್ ನಗರದಲ್ಲಿ ಸಂಪನ್ನ ರಾಷ್ಟ್ರಗಳು ೨೦೨೦ರ ವೇಳೆಗೆ ವರ್ಷವೊಂದಕ್ಕೆ ೧೦,೦೦೦ ಕೋಟಿ ಡಾಲರುಗಳನ್ನು ಹವಾಗುಣದ ಕಾರ್ಯಗಳಿಗಾಗಿ ಬಡರಾಷ್ಟ್ರಗಳಿಗೆ ಒದಗಿಸುವ ಮಾತನ್ನು ಕೊಟ್ಟವು. ಮೊತ್ತವೂ ಗಡುವೂ ಸ್ಪಷ್ಟ. ಆದರೆ ಯಾವ ರಾಷ್ಟ್ರವು ಎಷ್ಟು ಪಾಲು ಕೊಡತಕ್ಕದ್ದೆಂಬ ವಿಭಾಗಪತ್ರವು ಆಗಲಿಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ಲೆಕ್ಕದಂತೆ ಆ ಮೊತ್ತವು ಮೊದಲ ಬಾರಿಗೆ ತುಂಬಿದುದು ೨೦೨೨ರಲ್ಲಿ, ಗಡುವು ಕಳೆದು ಎರಡು ವರ್ಷಗಳ ಮೇಲೆ. ಕರ್ತೃಪದವಿಲ್ಲದ ವಾಕ್ಯವು ಹೀಗೆ ತಡವಾಗುವುದು ಸಹಜ. ಏತಕ್ಕೆಂದರೆ ತಡಮಾಡಿದವನು ಯಾರೆಂದು ಹೇಳಲು ಬರುವುದಿಲ್ಲ.

೪

ಎರಡನೆಯ ದೋಷವು ರಚನೆಗೆ ಸಂಬಂಧಿಸಿದುದು, ಇದೇ ಮುಖ್ಯವಾದುದು. ಪತ್ರದಲ್ಲಿ ಸಾಲಕ್ಕೆ ಒಂದು ಕಂಡಿಕೆ, ಹವಾಗುಣದ ಹಣಕ್ಕೆ ಇನ್ನೊಂದು ಕಂಡಿಕೆ. ಒಂದರಲ್ಲಿ ಹೆಸರಿಸಿದ ರಾಷ್ಟ್ರಗಳು ಇನ್ನೊಂದರಲ್ಲಿ ಬರುವುದಿಲ್ಲ. ಸಾಲಗಾರನಾದ ರಾಷ್ಟ್ರವು ಬರಗಾಲದ ರಾಷ್ಟ್ರವೂ ಆಗಿರಬಹುದೆಂಬುದನ್ನು ಈ ವಿಭಾಗವು ಮರೆಯಿಸುತ್ತದೆ. ಕಾರ್ಯಸಮಿತಿಗಳು ಬೇರೆ ಬೇರೆಯಾಗಿರುವುದರಿಂದ ಕಂಡಿಕೆಗಳೂ ಬೇರೆಯಾದವೆಂದು ಹೇಳಬಹುದು. ಅದು ಕಾರಣವಾದೀತು, ಸಮರ್ಥನೆಯಾಗಲಾರದು.

ಮೈಸೂರು ಸಂಸ್ಥಾನದ ಚರಿತ್ರೆಯನ್ನು ಬಲ್ಲವರಿಗೆ ಈ ಎರಡರ ನಂಟು ಹೊಸದಲ್ಲ. ಧಾತು, ಈಶ್ವರ ಸಂವತ್ಸರಗಳ, ಎಂದರೆ ೧೮೭೬ರಿಂದ ೭೮ರ ವರೆಗಿನ ಮಹಾಕ್ಷಾಮದಲ್ಲಿ ಸಂಸ್ಥಾನವು ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷ ೫೫ ಸಾವಿರವಾಗಿದ್ದ ಜನಸಂಖ್ಯೆಯು ೧೮೮೧ರಲ್ಲಿ ೪೧ ಲಕ್ಷ ೮೬ ಸಾವಿರಕ್ಕೆ ಇಳಿಯಿತು. ಮಳೆ ತಪ್ಪಿದುದು ಅದರ ಮೊದಲ ಕಾರಣ. ಧಾನ್ಯದ ಬೆಲೆಯು ಬಡವನ ಕೂಲಿಯನ್ನು ಮೀರಿ ಏರಿದುದು ಎರಡನೆಯ ಕಾರಣ. ಆ ಕಾಲದಲ್ಲಿ ಸಂಸ್ಥಾನವನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರು. ೧೮೮೧ನೆಯ ಮಾರ್ಚಿಯಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ, ರಾಜ್ಯದ ಜೊತೆಗೆ ಕ್ಷಾಮಕಾಲದಲ್ಲಿ ಭಾರತ ಸರ್ಕಾರದಿಂದ ತೆಗೆದ ೮೦ ಲಕ್ಷ ರೂಪಾಯಿಗಳ ಸಾಲವೂ ಬಂದಿತು. ಮಳೆಯ ಅಭಾವವು ಮೂರು ವರ್ಷಗಳಲ್ಲಿ ಮುಗಿಯಿತು. ಅದರಿಂದ ಹುಟ್ಟಿದ ಸಾಲವು ಹೊಸ ದಿವಾನರಾದ ರಂಗಾಚಾರ್ಲು ಅವರ ಮೊದಲ ಆಯವ್ಯಯದ ಮೇಲೆಯೇ ಕುಳಿತಿದ್ದಿತು.

ಈ ಪ್ರಕರಣದಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ರಾಜ್ಯವನ್ನು ಹಿಂದಿರುಗಿಸುವಾಗ ಮೈಸೂರು ಕೊಡತಕ್ಕ ವಾರ್ಷಿಕ ಪೊಗದಿಯನ್ನು ೨೪½ ಲಕ್ಷದಿಂದ ೩೫ ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಆದರೆ ಕ್ಷಾಮದಿಂದ ಸಂಸ್ಥಾನವು ಸೊರಗಿರುವುದನ್ನು ಕಂಡು, ಏರಿಸಿದ ಹತ್ತೂವರೆ ಲಕ್ಷವನ್ನು ಮೊದಲು ಐದು ವರ್ಷ, ಅನಂತರ ೧೮೯೬ರ ವರೆಗೆ, ವಸೂಲು ಮಾಡದೆ ಮುಂದೂಡಲಾಯಿತು. ಇದು ಔದಾರ್ಯವೆಂದು ಹೊಗಳತಕ್ಕದ್ದಲ್ಲ. ಏರಿಸಿದವರೂ ಮುಂದೂಡಿದವರೂ ಒಬ್ಬರೇ. ಆದರೂ ತತ್ತ್ವವೊಂದು ಅದರಲ್ಲಿ ಅಡಗಿದೆ. ಬರದ ಬೆನ್ನಲ್ಲಿ ಸಾಲಗಾರನಿಂದ ಪೂರ್ಣ ಕಂತನ್ನು ಕೇಳಿದರೆ ಕಂತೂ ಬಾರದು, ಸಾಲಗಾರನೂ ಏಳಲಾರನು ಎಂಬ ತಿಳಿವಳಿಕೆಯು ಚಕ್ರಾಧಿಪತ್ಯದ ಲೆಕ್ಕಿಗರಿಗೂ ಆಗಿದ್ದಿತು. ಮುಂದೂಡಿದ ಹಣವು ಸಂಸ್ಥಾನದೊಳಗೆ ಉಳಿದುದರಿಂದಲೇ ಆ ಹದಿನೈದು ವರ್ಷಗಳ ಪುನರುಜ್ಜೀವನಕ್ಕೆ ಎಡೆಯಾಯಿತು.

೫

ಬೆಂಗಳೂರು ಪತ್ರದ ಈ ರಚನಾದೋಷವು ಊಹೆಯದಲ್ಲವೆಂಬುದನ್ನು ಜಾಂಬಿಯವೇ ತೋರಿಸಿಕೊಟ್ಟಿತು. ಆ ರಾಷ್ಟ್ರವು ಸಾಲದ ಕಂತನ್ನು ಕಟ್ಟಲಾರದೆ ನಿಂತುದು ೨೦೨೦ನೆಯ ನವೆಂಬರಿನಲ್ಲಿ. ಜಿ–೨೦ ಕೂಟದ ಸಾಮಾನ್ಯ ಕ್ರಮದಂತೆ ಪರಿಹಾರವನ್ನು ಕೇಳಿದುದು ೨೦೨೧ರ ಆದಿಭಾಗದಲ್ಲಿ. ಬೆಂಗಳೂರು ಪತ್ರವು ಅದು ಬೇಗನೆ ಮುಗಿಯಲೆಂದು ಕರೆಕೊಟ್ಟುದು ೨೦೨೩ನೆಯ ಫೆಬ್ರವರಿಯಲ್ಲಿ. ಸರ್ಕಾರಗಳಿಗೆ ಸಲ್ಲಬೇಕಾದ ಸುಮಾರು ೬೩೦ ಕೋಟಿ ಡಾಲರುಗಳ ವಿಷಯದಲ್ಲಿ ಒಪ್ಪಂದವಾದುದು ಅದೇ ವರ್ಷದ ಜೂನಿನಲ್ಲಿ. ಖಾಸಗಿ ಸಾಹುಕಾರರ ಮಾತುಕತೆಯು ಅದರ ಮುಂದಿನ ವರ್ಷಕ್ಕೂ ನಡೆಯಿತು. ಅಷ್ಟರಲ್ಲಿ ಮಳೆ ತಪ್ಪಿತು. ೨೦೨೪ನೆಯ ಫೆಬ್ರವರಿ ೨೯ರಂದು ಅಲ್ಲಿಯ ಅಧ್ಯಕ್ಷರು ಬರವನ್ನು ರಾಷ್ಟ್ರೀಯ ವಿಪತ್ತೆಂದು ಸಾರಿದರು. ಜೋಳದ ಬೆಳೆಯು ಹೋಯಿತು. ಕರೀಬ ಜಲಾಶಯವು ಇಳಿದುದರಿಂದ ವಿದ್ಯುತ್ತೂ ಹೋಯಿತು. ಸಾಲದ ಕಂಡಿಕೆಯಲ್ಲಿದ್ದ ರಾಷ್ಟ್ರವು ಹವಾಗುಣದ ಕಂಡಿಕೆಗೆ ತಾನಾಗಿಯೇ ನಡೆದುಹೋಯಿತು. ಧಾತು–ಈಶ್ವರದ ಕ್ಷಾಮದಲ್ಲಿ ಮಳೆ ಮೊದಲು, ಸಾಲ ಅನಂತರ. ಜಾಂಬಿಯದಲ್ಲಿ ಸಾಲ ಮೊದಲು, ಮಳೆ ಅನಂತರ. ಕ್ರಮವು ಮಾತ್ರ ಬೇರೆ.

ಇದರ ಮೇಲೆ ಇನ್ನೊಂದು ವಿಪರ್ಯಾಸವಿದೆ. ಹವಾಗುಣಕ್ಕಾಗಿ ಬಡರಾಷ್ಟ್ರಗಳಿಗೆ ಹರಿಯುವ ಸಾರ್ವಜನಿಕ ಧನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಾಲದ ರೂಪದಲ್ಲಿಯೇ ಇರುವುದೆಂದು ಮೇಲೆ ಹೇಳಿದ ಸಂಸ್ಥೆಯ ಲೆಕ್ಕಗಳಿಂದ ತಿಳಿಯುತ್ತದೆ. ಎಂದರೆ ಒಂದು ಕಂಡಿಕೆಯು ವಾಗ್ದಾನ ಮಾಡುವ ಧನವೇ ಇನ್ನೊಂದು ಕಂಡಿಕೆಯು ಶೋಕಿಸುವ ಋಣವಾಗಿ ಪರಿಣಮಿಸುವುದು. ಎರಡನ್ನೂ ಒಂದೇ ಪುಟದಲ್ಲಿ ಕೂಡಿಸಿ ಬರೆದಿದ್ದರೆ ಈ ವಿರೋಧವು ಬರೆಯುವವರ ಕಣ್ಣಿಗೇ ಬೀಳುತ್ತಿದ್ದಿತು.

ತರುವಾಯ ನಡೆದ ಸಭೆಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದುವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಜುಲೈ ತಿಂಗಳಿನಲ್ಲಿ ನಾಯಕರ ಪ್ರತಿನಿಧಿಗಳು ಹಂಪೆಯಲ್ಲಿ ಕೂಡಿ ಘೋಷಣೆಯ ಕರಡನ್ನು ಚರ್ಚಿಸಿದರು. ಸೆಪ್ಟೆಂಬರ್ ೯, ೧೦ರಂದು ದೆಹಲಿಯಲ್ಲಿ ೮೩ ಕಂಡಿಕೆಗಳ ಘೋಷಣೆಯು ಅಡಿಟಿಪ್ಪಣಿಯಿಲ್ಲದೆ ಸರ್ವಸಮ್ಮತವಾಯಿತು. ಆಫ್ರಿಕದ ಒಕ್ಕೂಟವು ಕೂಟದ ಸದಸ್ಯತ್ವವನ್ನು ಪಡೆಯಿತು. ೨೦೨೪ನೆಯ ನವೆಂಬರಿನಲ್ಲಿ ಬಾಕು ನಗರದಲ್ಲಿ, ೨೦೩೫ರ ವೇಳೆಗೆ ವರ್ಷಕ್ಕೆ ೩೦,೦೦೦ ಕೋಟಿ ಡಾಲರುಗಳೆಂಬ ಹೊಸ ಗುರಿಯು ನಿಶ್ಚಯವಾಯಿತು. ಸಾಲದೆಂದು ಭಾರತವು ಅಲ್ಲಿಯೇ ಆಕ್ಷೇಪಿಸಿತು. ಮೊತ್ತವು ಮೂರುಪಟ್ಟಾಯಿತು, ಪಾಲುಗಾರರ ಪಟ್ಟಿಯು ಮಾತ್ರ ಈ ಬಾರಿಯೂ ಆಗಲಿಲ್ಲ.

೬

ಸಹಕಾರದ ಪತ್ರಗಳನ್ನು ಅಳೆಯಲು ಕರ್ಣಾಟಕದಲ್ಲಿಯೇ ಇನ್ನೊಂದು ಹಳೆಯ ಅಳತೆಗೋಲಿದೆ, ಅದು ಕಾವೇರಿಯದು. ಮೈಸೂರು ಮತ್ತು ಮದರಾಸು ಸರ್ಕಾರಗಳು ೧೮೯೨ರಲ್ಲಿಯೂ ಮತ್ತೆ ೧೯೨೪ರಲ್ಲಿಯೂ ನದಿಯ ನೀರನ್ನು ಕುರಿತು ಒಪ್ಪಂದಗಳನ್ನು ಮಾಡಿಕೊಂಡವು. ಎರಡನೆಯ ಒಪ್ಪಂದದ ಆಶ್ರಯದಲ್ಲಿ ಕೃಷ್ಣರಾಜಸಾಗರ, ಮೆಟ್ಟೂರು ಜಲಾಶಯಗಳು ಬೆಳೆದವು. ೧೯೭೪ರ ಮೇಲೆ ಅದರ ಬಲದ ವಿಷಯದಲ್ಲಿಯೇ ವಿವಾದವೆದ್ದಿತು. ೧೯೯೦ರಲ್ಲಿ ನ್ಯಾಯಮಂಡಲಿ, ೨೦೦೭ರಲ್ಲಿ ಅದರ ಅಂತಿಮ ತೀರ್ಪು, ೨೦೧೮ನೆಯ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನಿರ್ಣಯ. ಕೋರ್ಟು ಕರ್ಣಾಟಕಕ್ಕೆ ೧೪.೭೫ ಟಿ.ಎಂ.ಸಿ. ನೀರನ್ನು ಹೆಚ್ಚಾಗಿ ಕೊಟ್ಟು, ಅದರೊಳಗೆ ೪.೭೫ ಟಿ.ಎಂ.ಸಿ.ಯು ಬೆಂಗಳೂರಿನ ಕುಡಿಯುವ ನೀರಿಗೆಂದು ಎಣಿಸಿತು.

ಈ ದೀರ್ಘವಾದ ಕಥೆಯ ಸಾರವನ್ನು ಒಂದು ಮಾತಿನಲ್ಲಿ ಹೇಳಬಹುದು: ಒಳ್ಳೆಯ ಮಳೆಯ ವರ್ಷಗಳಲ್ಲಿ ಒಪ್ಪಂದವು ಬೇಕೆನಿಸುವುದಿಲ್ಲ, ಕೆಟ್ಟ ವರ್ಷದಲ್ಲಿ ಅದು ಸಾಲುವುದಿಲ್ಲ. ೨೦೦೭ರ ತೀರ್ಪಿನಲ್ಲಿ ಸಂಕಷ್ಟದ ವರ್ಷಕ್ಕೆ ವಿಧಿಯಿಲ್ಲದಿಲ್ಲ. ನದಿಯ ಉತ್ಪತ್ತಿಯು ಕಡಮೆಯಾದಾಗ ಪ್ರತಿಯೊಂದು ರಾಜ್ಯದ ಪಾಲೂ ಅದೇ ಪ್ರಮಾಣದಲ್ಲಿ ಕಡಮೆಯಾಗಬೇಕೆಂದು ಅದು ಹೇಳುತ್ತದೆ. ಆದರೆ ಸಂಕಷ್ಟವನ್ನು ಯಾವ ದಿನ, ಯಾವ ಮಾನದಿಂದ ಅಳೆಯತಕ್ಕದ್ದೆಂಬುದರಲ್ಲಿ ಎರಡು ಪಕ್ಷಗಳಿಗೂ ಒಮ್ಮತವಿಲ್ಲ. ಫಲವೇನೆಂದರೆ, ದೆಹಲಿಯಲ್ಲಿ ಇಪ್ಪತ್ತು ಸದಸ್ಯರು ೮೩ ಕಂಡಿಕೆಗಳಿಗೆ ಒಪ್ಪಿದ ತಿಂಗಳಿನಲ್ಲಿಯೇ, ೨೦೨೩ನೆಯ ಸೆಪ್ಟೆಂಬರಿನಲ್ಲಿ, ಒಂದೇ ರಾಷ್ಟ್ರದ ಎರಡು ರಾಜ್ಯಗಳು ಸೆಕೆಂಡಿಗೆ ಐದು ಸಾವಿರ ಘನ ಅಡಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದವು. ೨೬ರಂದು ಬೆಂಗಳೂರೂ ೨೯ರಂದು ಕರ್ಣಾಟಕವೂ ಹರತಾಳವನ್ನು ಕಂಡವು.

ಇದರಿಂದ ಎರಡು ನಿಯಮಗಳು ಸಿದ್ಧಿಸುತ್ತವೆ. ಮೊದಲನೆಯದು: ಸಹಕಾರದ ಪತ್ರದ ಬೆಲೆಯು ಅದರಲ್ಲಿರುವ ಸಂಕಷ್ಟಕಾಲದ ವಿಧಿಯಿಂದ ತಿಳಿಯುವುದು, ಸುಭಿಕ್ಷಕಾಲದ ಸೌಜನ್ಯದಿಂದಲ್ಲ. ಎರಡನೆಯದು: ಆ ವಿಧಿಯೊಡನೆ ಅದರ ಅಳತೆಯೂ ಬರೆದಿರಬೇಕು. ಅಳತೆಯಿಲ್ಲದ ವಿಧಿಯು ಜಗಳವನ್ನು ತಪ್ಪಿಸುವುದಿಲ್ಲ, ಮುಂದೂಡುವುದು ಮಾತ್ರ.

೭

ಇಂಥ ವಿಧಿಯು ಸಾಲದ ಪತ್ರಗಳಲ್ಲಿ ಇರುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರವು ಆಗಲೇ ದೊರೆತಿದೆ. ಕೆರಿಬಿಯನ್ ಸಮುದ್ರದ ಗ್ರೆನಡ ಎಂಬ ಸಣ್ಣ ದ್ವೀಪರಾಷ್ಟ್ರವು ೨೦೧೫ರಲ್ಲಿ ತನ್ನ ಸಾಲಗಳನ್ನು ಹೊಸದಾಗಿ ಬರೆಯಿಸಿದಾಗ, ಚಂಡಮಾರುತವು ಬಡಿದರೆ ಕೆಲವು ಕಂತುಗಳನ್ನು ಮುಂದೂಡತಕ್ಕದ್ದೆಂಬ ಷರತ್ತನ್ನು ಸೇರಿಸಿತು. ನೆರೆಯ ಬಾರ್ಬಡೋಸ್ ಅದೇ ದಾರಿಯನ್ನು ಹಿಡಿಯಿತು. ಅಲ್ಲಿಯ ಪ್ರಧಾನಿ ಮಿಯ ಮಾಟ್ಲಿ ಅವರು ೨೦೨೨ರಿಂದ ಈ ವಿಚಾರವನ್ನು ಜಗತ್ತಿನ ಸಭೆಗಳಿಗೆ ಕೊಂಡೊಯ್ದರು. ೨೦೨೩ನೆಯ ಜೂನಿನಲ್ಲಿ ಪ್ಯಾರಿಸಿನಲ್ಲಿ ವಿಶ್ವಬ್ಯಾಂಕು, ವಿಪತ್ತಿಗೆ ಗುರಿಯಾದ ಸಣ್ಣ ರಾಷ್ಟ್ರಗಳಿಗೆ ಕಂತಿನ ವಿರಾಮವನ್ನು ಕೊಡುವುದಾಗಿ ಹೇಳಿತು. ೨೦೨೪ನೆಯ ಜುಲೈ ಮೊದಲ ದಿನ ಬೆರಿಲ್ ಎಂಬ ಚಂಡಮಾರುತವು ಗ್ರೆನಡವನ್ನು ಬಡಿಯಿತು. ಮುಂದಿನ ತಿಂಗಳಲ್ಲಿಯೇ ಆ ರಾಷ್ಟ್ರವು ತನ್ನ ಷರತ್ತನ್ನು ಜಾರಿಗೆ ತಂದಿತು. ಕಂತಿಗೆಂದು ಇಟ್ಟ ಹಣವು ಮನೆಗಳಿಗೆ ಮಾಡು ಹೊದಿಸಲು ದೊರೆಯಿತು. ಯಾವ ಮಹಾಸಭೆಯನ್ನೂ ಅದಕ್ಕಾಗಿ ಕರೆಯಬೇಕಾಗಲಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಹುಟ್ಟುತ್ತವೆ. ಚಂಡಮಾರುತವು ಒಂದು ದಿನದಲ್ಲಿ ಬರುತ್ತದೆ, ಅದರ ವೇಗವನ್ನು ಅಳೆಯಬಹುದು; ಬರವು ತಿಂಗಳುಗಟ್ಟಲೆ ಮೆಲ್ಲಗೆ ಬರುತ್ತದೆ, ಅದನ್ನು ಅಳೆಯುವುದು ಹೇಗೆ ಎಂಬುದು ಮೊದಲನೆಯದು. ಆಕ್ಷೇಪವು ಬಲವಾದುದೇ. ಬರವನ್ನು ಅಳೆಯುವ ಕೈಪಿಡಿಯು ಭಾರತ ಸರ್ಕಾರದಲ್ಲಿ ೨೦೧೬ರಿಂದ ಇರುತ್ತದೆ. ಮಳೆಯ ಕೊರತೆ, ಮಣ್ಣಿನ ತೇವ, ಬೆಳೆಯ ಸ್ಥಿತಿ ಇವುಗಳ ಲೆಕ್ಕವನ್ನು ಅದು ಕೇಳುತ್ತದೆ. ೨೦೨೩ರಲ್ಲಿ ಆ ಲೆಕ್ಕದ ಮೇಲೆ ಕರ್ಣಾಟಕದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ನಿರ್ಣಯಿಸಲ್ಪಟ್ಟವು. ಹೀಗಿದ್ದೂ ರಾಜ್ಯವು ಕೇಳಿದ ೧೮,೧೭೧ ಕೋಟಿ ರೂಪಾಯಿಗಳ ಪರಿಹಾರದ ವಿವಾದವು ೨೦೨೪ನೆಯ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟನ್ನು ಹತ್ತಿತು. ಏಪ್ರಿಲ್ ಕೊನೆಯಲ್ಲಿ ಬಂದುದು ಸುಮಾರು ೩,೪೫೦ ಕೋಟಿ. ಎರಡು ಸಂಖ್ಯೆಗಳಲ್ಲಿ ಯಾವುದು ನ್ಯಾಯವೆಂಬುದು ಪ್ರಕೃತ ವಿಚಾರವಲ್ಲ. ಬರವನ್ನು ಅಳೆಯಲು ಬರುವುದಿಲ್ಲವೆಂಬ ಮಾತು ನಿಲ್ಲುವುದಿಲ್ಲ; ಅಳೆದ ಮೇಲೆ ಹಣವು ತಾನಾಗಿ ಚಲಿಸುವ ಕಟ್ಟಳೆಯಿಲ್ಲವೆಂಬುದೇ ನಿಜವಾದ ಕೊರತೆ.

ಎರಡನೆಯ ಆಕ್ಷೇಪ: ಇಪ್ಪತ್ತರ ಕೂಟಕ್ಕೆ ಶಾಸನಾಧಿಕಾರವಿಲ್ಲ, ಸರ್ವಸಮ್ಮತಿಯಿಂದ ನಡೆಯುವ ಸಭೆಯು ಮೆತ್ತನೆಯ ಮಾತುಗಳನ್ನಲ್ಲದೆ ಬೇರೆ ಏನನ್ನು ಆಡೀತು? ಯುದ್ಧದ ನಡುವೆ ವೈರಿಗಳು ಒಂದೇ ಕೋಣೆಯಲ್ಲಿ ಕುಳಿತುದೇ ಲಾಭವಲ್ಲವೆ? ಇದರಲ್ಲಿಯೂ ತಥ್ಯವಿದೆ. ಆದರೆ ಅದೇ ಪತ್ರವು ಒಪ್ಪದವರ ಹೆಸರನ್ನು ಅಡಿಟಿಪ್ಪಣಿಯಲ್ಲಿ ಬರೆಯುವ ಧೈರ್ಯವನ್ನು ತೋರಿಸಿತಷ್ಟೆ. ಯುದ್ಧದ ವಿಷಯದಲ್ಲಿ ಯಾರು ಒಪ್ಪಲಿಲ್ಲವೆಂದು ಹೇಳಬಹುದಾದರೆ, ಸಾಲದ ವಿಷಯದಲ್ಲಿ ಯಾರು ಕಂತನ್ನು ನಿಲ್ಲಿಸಲು ಒಪ್ಪಿದರು, ಯಾರು ಒಪ್ಪಲಿಲ್ಲವೆಂಬುದನ್ನೂ ಹೇಳಬಹುದು. ಬೆಂಗಳೂರು ಪತ್ರದ ಅತ್ಯುತ್ತಮವಾದ ಭಾಗವು ಅದರ ಅಡಿಟಿಪ್ಪಣಿಯೇ ಆಗಿರುತ್ತದೆ. ಆ ಪ್ರಾಮಾಣಿಕತೆಯು ಮೇಲಣ ಕಂಡಿಕೆಗಳಿಗೂ ಏರಿದ್ದರೆ ಪತ್ರವು ಬೇರೊಂದಾಗುತ್ತಿದ್ದಿತು.

೮

ಕೊನೆಯದಾಗಿ ಒರೆಗಲ್ಲಿಗೆ ಹಿಂದಿರುಗಬಹುದು. ಹಣಕಾಸಿನ ಸಚಿವರು ಬೆಂಗಳೂರನ್ನು ಬಿಟ್ಟು ಒಂದು ವರ್ಷ ಕಳೆಯುವಷ್ಟರಲ್ಲಿ, ೨೦೨೪ನೆಯ ಮಾರ್ಚಿಯಲ್ಲಿ, ‘ನಾಳಿನ ನಗರ’ದ ಚರ್ಚೆಯು ನಡೆದ ನಗರಕ್ಕೆ ದಿನವೊಂದಕ್ಕೆ ೨೬೦ ಕೋಟಿ ಲೀಟರು ನೀರು ಬೇಕಾಗಿದ್ದು ೫೦ ಕೋಟಿ ಲೀಟರು ಕೊರತೆಯಾಯಿತೆಂದೂ, ಸುಮಾರು ಹದಿನಾಲ್ಕು ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ ೬,೯೦೦ ಬತ್ತಿದುವೆಂದೂ ಮುಖ್ಯಮಂತ್ರಿಗಳು ತಿಳಿಸಿದರು. ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಐದು ಸಾವಿರ ರೂಪಾಯಿಗಳ ದಂಡವು ವಿಧಿಸಲ್ಪಟ್ಟಿತು. ಅದೇ ವರ್ಷದ ಅಕ್ಟೋಬರ್ ೧೬ರಂದು ಕಾವೇರಿ ಯೋಜನೆಯ ಐದನೆಯ ಹಂತವು ದಿನಕ್ಕೆ ೭೭.೫ ಕೋಟಿ ಲೀಟರುಗಳ ಹೊಸ ನೀರಿನೊಡನೆ ಆರಂಭವಾಯಿತು. ಅದು ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯ ಸಾಲದಿಂದಾದ ಕೆಲಸ. ೨೦೧೪ರಿಂದ ಏರದಿದ್ದ ನೀರಿನ ದರವು ೨೦೨೫ನೆಯ ಏಪ್ರಿಲಿನಲ್ಲಿ ಏರಿತು.

ಈ ಸಾಲವನ್ನು ನಿಂದಿಸುವುದು ಕೃತಘ್ನತೆಯಾದೀತು. ರಾಷ್ಟ್ರಗಳ ಸಹಕಾರವೆಂಬುದು ಎಲ್ಲಿಯಾದರೂ ಕೈಗೆ ಸಿಕ್ಕುವ ವಸ್ತುವಾಗಿದ್ದರೆ ಅದು ಈ ಕೊಳವೆಯೇ: ಕೊಟ್ಟವನಾರು, ಕೊಂಡವನಾರು, ಮೊತ್ತವೆಷ್ಟು, ಗಡುವು ಯಾವುದು ಎಲ್ಲವೂ ಬರೆದಿರುತ್ತವೆ. ಶಾಸನದ ಲಕ್ಷಣಗಳೆಲ್ಲ ಅದಕ್ಕುಂಟು. ಆದರೆ ಒಂದು ವಿಷಯವನ್ನು ಮರೆಯಲಾಗದು. ಕೊಳವೆಯು ನೀರನ್ನು ತರಬಲ್ಲುದು, ಮಳೆಯನ್ನು ತರಲಾರದು. ಕಾವೇರಿಯ ಜಲಾನಯನದಲ್ಲಿ ಮಳೆ ತಪ್ಪಿದ ವರ್ಷ ಇಟ್ಟಮಡುವಿಗೆ ನೀರು ಕಡಮೆಯಾಗಬಹುದು. ಸಾಲದ ಕಂತು ಕಡಮೆಯಾಗುವುದಿಲ್ಲ. ಇತ್ತ ಹೊಸಕೆರೆಹಳ್ಳಿಯ ಕಡೆಯ ಕಾಲುವೆಗಳು ಕೊಳೆಯನ್ನು ಹೊತ್ತು ವೃಷಭಾವತಿಗೂ, ವೃಷಭಾವತಿಯು ಅರ್ಕಾವತಿಗೂ, ಅರ್ಕಾವತಿಯು ಸಂಗಮದಲ್ಲಿ ಕಾವೇರಿಗೂ ಸೇರುತ್ತವೆ. ದೂರದಿಂದ ಸಾಲದ ಮೇಲೆ ಮೇಲೆತ್ತಿ ತಂದ ನೀರು ಕೆಟ್ಟು ಅದೇ ನದಿಗೆ ಇಳಿಯುವ ಈ ಸುತ್ತಿನಲ್ಲಿ, ಹತ್ತಿರದ ಕೆರೆಯನ್ನೂ ಮಡುವನ್ನೂ ಕಾಯುವುದಕ್ಕೆ ಯಾವ ಪತ್ರದಲ್ಲಿಯೂ ಕಂಡಿಕೆಯಿಲ್ಲ.

ಮಡುವಿನ ಗುಣವು ಯಾವುದೆಂದರೆ, ಹರಿವು ಇರುವಾಗ ತುಂಬಿಕೊಂಡು ಹರಿವು ನಿಂತಾಗ ಕೊಡುವುದು. ಸಂಕಷ್ಟಕಾಲದ ವಿಧಿಯೆಂದು ಮೇಲೆ ಹೇಳಿದುದರ ಅರ್ಥವೂ ಇದಕ್ಕಿಂತ ಬೇರೆಯಲ್ಲ. ೧೮೮೧ರಲ್ಲಿ ಚಕ್ರಾಧಿಪತ್ಯವು ತನ್ನ ಪ್ರಯೋಜನಕ್ಕಾಗಿ ಮೈಸೂರಿಗೆ ಅದನ್ನು ಕೊಟ್ಟಿತು. ೨೦೧೫ರಲ್ಲಿ ಒಂದು ಸಣ್ಣ ದ್ವೀಪವು ತನ್ನ ಸಾಹುಕಾರರಿಂದ ಅದನ್ನು ಬರೆಯಿಸಿಕೊಂಡಿತು. ೨೦೨೩ರಲ್ಲಿ ಜಗತ್ತಿನ ಅತ್ಯಂತ ಬಲಿಷ್ಠರಾದ ಇಪ್ಪತ್ತು ಸದಸ್ಯರು ಬೆಂಗಳೂರಿನಲ್ಲಿ ಕುಳಿತು ಅದರ ಎರಡು ಅರ್ಧಗಳನ್ನು ಎರಡು ಕಂಡಿಕೆಗಳಲ್ಲಿ ಬೇರೆ ಬೇರೆಯಾಗಿ ಇಟ್ಟು ಎದ್ದುಹೋದರು. ಮುಂದೆ ಬರತಕ್ಕ ಪತ್ರಗಳನ್ನು ಓದುವವರು ಕಂಡಿಕೆಗಳ ಸಂಖ್ಯೆಯನ್ನು ಎಣಿಸದೆ, ಸಾಲವೂ ಮಳೆಯೂ ಒಂದೇ ವಾಕ್ಯದಲ್ಲಿ ಬಂದಿರುವುವೇ, ಆ ವಾಕ್ಯಕ್ಕೆ ಕರ್ತೃಪದವಿದೆಯೇ, ಕೆಟ್ಟ ವರ್ಷವನ್ನು ಅಳೆಯುವ ಮಾನವನ್ನು ಅದರಲ್ಲಿ ಹೇಳಿದೆಯೇ ಎಂಬ ಮೂರನ್ನು ನೋಡಿದರೆ ಪತ್ರದ ಬೆಲೆಯು ತಾನಾಗಿ ತಿಳಿಯುವುದು.